ಮಹಾಬಲೇಶ್ವರನ ಕೊನೆಯ ಅಧ್ಯಾಯ

ಫಾರಂ ಜೊತೆ ಸೇರಿಕೊಂಡು ಬಂದಿದ್ದ ಹಾಳೆಯನ್ನು ಶ್ರೀರಕ್ಷಾ ಎರಡು ಸಲ ಓದಿದಳು. ತೆಲುಗು ನಾಡಿನ ದುವ್ವಾಡದ ಬ್ಯಾಂಕಿಗೆ ಟ್ರಾನ್ಸ್‌ಫರ್ ಆಗಿ ಬಂದು ಎಂಟು ತಿಂಗಳಾಗಿತ್ತು. ಕೌಂಟರಿನ ಆಚೆಯಿಂದ ಕನ್ನಡದ ಬರಹ ಬಂದದ್ದು ಇದೇ ಮೊದಲು.

'ಭೂಮಿಯಿಂದ ಸಂದೇಶ ನಿಂತು ಹನ್ನೊಂದು ದಿನವಾಗಿತ್ತು. ಕ್ಯಾಪ್ಟನ್ ಮಹಾಬಲೇಶ್ವರ ಶನಿಗ್ರಹದ ಬಳೆಗಳ ಅಂಚಿನಲ್ಲಿ ನೌಕೆ ನಿಲ್ಲಿಸಿದ. ಸುತ್ತ ಬರೀ ನಿಶ್ಶಬ್ಧ.'

"ಸರ್, ಲೈಫ್ ಸರ್ಟಿಫಿಕೇಟ್‌ಗೆ ಇದು ಬೇಕಾಗಲ್ಲ," ಎಂದು ಕನ್ನಡದಲ್ಲೇ ಹೇಳಿ ಹಾಳೆ ಚಾಚಿದಳು.

ಎದುರಿಗಿದ್ದವನಿಗೆ ನಲವತ್ತು ದಾಟಿರಬೇಕು. ನೌಕಾಪಡೆಯಿಂದ ನಿವೃತ್ತನಾದವನು, ಹೆಸರು ಫಣಿ ಎಂದು ಫಾರಂ ಹೇಳುತ್ತಿತ್ತು. ಅವನ ಕಿವಿ ಕೆಂಪಾಯಿತು.

"ಸಾರಿ ಅಂಡಿ," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದ. "ಅದು... ನಾನು ಬರೀತಿರೋ ಕಾದಂಬರಿ."

"ಗೊತ್ತಾಯ್ತು. ನಿಶ್ಶಬ್ದದ ದ-ಕ್ಕೆ ಹೊಟ್ಟೆ ಸೀಳಬಾರದು."

ಅವನು ಹಾಳೆ ನೋಡಿದ, ಅವಳನ್ನು ನೋಡಿದ, ಮತ್ತೆ ಹಾಳೆ ನೋಡಿದ. "ಅಮ್ಮ ಬಳ್ಳಾರಿಯವರು. ಅವರು ಕಲಿಸಿದ ಕನ್ನಡ ಇದು. ಅವರು ಹೋದ್ಮೇಲೆ ತಿದ್ದೋರು ಯಾರೂ ಇಲ್ಲ."

"ಇನ್ನೆಷ್ಟು ಹೊಟ್ಟೆ ಸೀಳಿದ್ದೀರಿ?"

"ಇನ್ನೂರು ಪೇಜು," ಎಂದ ಫಣಿ. ಅವಳು ನಕ್ಕುಬಿಟ್ಟಳು.

ಹಾಗೆ ಭಾನುವಾರದ ಸಂಜೆಗಳು ಶುರುವಾದವು. ಬೀಚ್ ರೋಡಿನ ಒಂದು ಕಾಫಿ ಅಂಗಡಿ, ಗಾಳಿಗೆ ಹಾರದಂತೆ ಹಾಳೆಗಳ ಮೇಲೆ ಅವನ ಕೀ ಗೊಂಚಲು, ಅವಳ ಕೈಯಲ್ಲಿ ಹಸಿರು ಪೆನ್ನು.

"ಸ್ಪೇಸ್‌ಶಿಪ್ ಓಡಿಸೋನಿಗೆ ಮಹಾಬಲೇಶ್ವರ ಅಂತ ಹೆಸರಾ?"

"ನಮ್ಮ ತಾತನ ಹೆಸರು."

"ತಾತ ಏನು ಓಡಿಸ್ತಿದ್ರು?"

"ರೈಸ್ ಮಿಲ್."

ಅವಳು ನಗುವಾಗ ಅವನು ಸಮುದ್ರ ನೋಡುತ್ತಿರುವಂತೆ ನಟಿಸುತ್ತಿದ್ದ. ಅವಳು ತಲೆ ತಗ್ಗಿಸಿ ಓದುವಾಗ ಮಾತ್ರ ನೇರ ಅವಳನ್ನೇ ನೋಡುತ್ತಿದ್ದ. ಅವಳಿಗದು ಗೊತ್ತಾಗುತ್ತಿತ್ತು. ಅದಕ್ಕೇ ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದಳು.

ನಾಲ್ಕನೇ ಭಾನುವಾರ, ಬಂದರಿನ ಕಡೆಗೆ ತಿರುಗುತ್ತಿದ್ದ ಒಂದು ಹಡಗನ್ನು ನೋಡುತ್ತಾ, ಅವನು ಅಖಿಲಾ ಬಗ್ಗೆ ಹೇಳಿದ. ಅವನ ಹೆಂಡತಿ. ವಿಜಯವಾಡದ ತಾಯಿಯ ಮನೆಯಲ್ಲಿದ್ದಾಗ ಮೆದುಳಿನಲ್ಲಿ ರಕ್ತಸ್ರಾವವಾಗಿ ಒಂದೇ ಬೆಳಗಿನಲ್ಲಿ ಹೋಗಿಬಿಟ್ಟಳು. ಅವನಾಗ ಸಬ್‌ಮರೀನ್‌ನಲ್ಲಿ, ನೀರಿನ ಆಳದಲ್ಲಿದ್ದ. ಮೇಲೆ ಬಂದಾಗ ಹನ್ನೊಂದು ದಿನ ಕಳೆದಿತ್ತು.

"ಆ ಹನ್ನೊಂದು ದಿನ ನಾನು ನಗ್ತಾ ಇದ್ದೆ, ಊಟ ಮಾಡ್ತಾ ಇದ್ದೆ," ಎಂದ. "ಅವಳಿಗೆ ಹೇಳೋಕೆ ಅಂತ ಜೋಕ್ ನೆನಪಿಟ್ಕೊತಿದ್ದೆ."

ಶ್ರೀರಕ್ಷಾ ಹಾಳೆಗಳ ಅಂಚು ಸರಿಮಾಡಿದಳು. "ಕನ್ನಡದಲ್ಲೇ ಯಾಕೆ ಬರೀತೀರಿ?" ಎಂದು ಕೇಳಿದಳು.

"ತೆಲುಗಲ್ಲಿ ಬರೆದ್ರೆ ಅವಳ ದನಿ ಕೇಳಿಸುತ್ತೆ. ಪೆನ್ನು ಮುಂದಕ್ಕೆ ಹೋಗಲ್ಲ."

ಕಾದಂಬರಿಯ ಮಹಾಬಲೇಶ್ವರನೂ ಹೆಂಡತಿಯನ್ನು ಕಳೆದುಕೊಂಡ ಹಳೆಯ ಯೋಧ. ಕಾಣೆಯಾದ ನೌಕೆಯೊಂದನ್ನು ಹುಡುಕುವ ನೆಪದಲ್ಲಿ ಮನುಷ್ಯರಿಂದ ದೂರ ದೂರ ಹೋಗುತ್ತಿದ್ದ. ಜನವರಿಯ ಹೊತ್ತಿಗೆ ಕ್ಯಾಪ್ಟನ್‌ನ ನೌಕೆಗೆ ತಾರಿಣಿ ಎಂಬ ಸಿಗ್ನಲ್ ಆಫೀಸರ್ ಬಂದಳು. ಕ್ಯಾಪ್ಟನ್ ಕಳಿಸುವ ಪ್ರತಿ ಸಂದೇಶದ ಕಾಗುಣಿತವನ್ನೂ ತಿದ್ದುತ್ತಿದ್ದಳು.

"ಈ ತಾರಿಣಿ ಯಾರು?" ಪೆನ್ನಿನ ತುದಿ ಕಚ್ಚುತ್ತಾ ಕೇಳಿದಳು ಶ್ರೀರಕ್ಷಾ.

"ಹೊಸ ಪೋಸ್ಟಿಂಗ್. ದುವ್ವಾಡ ಕಡೆಯಿಂದ."

"ತುಂಬಾ ಜೋರು ಮಾಡ್ತಾಳೆ."

"ಕ್ಯಾಪ್ಟನ್‌ಗೆ ಪರವಾಲೇದು ಅಂತೆ," ಎಂದು ಫಣಿ ಕಪ್ಪಿನೊಳಗೆ ನೋಡಿಕೊಂಡು ನಕ್ಕ.

ಆದರೆ ಒಂದು ಸಂಜೆ ಅವಳಿಗೆ ಭಯ ಹುಟ್ಟಿತು. ಅವನು ಕಡಲಿನಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತಿದ್ದ. ಅವಳು ಮೂರು ಸಲ ಹೆಸರು ಹಿಡಿದು ಕರೆದಳು. ಅಷ್ಟೇನೂ ದೂರವಿರಲಿಲ್ಲ. ಅವನಿಗೆ ಕೇಳಲೇ ಇಲ್ಲ. ನಾಲ್ಕನೇ ಸಲಕ್ಕೆ ತಿರುಗಿದಾಗ ಅವನ ಮುಖದಲ್ಲಿ ಅವಳ ಗುರುತೇ ಇರಲಿಲ್ಲ, ಒಂದು ಕ್ಷಣ ಮಾತ್ರ. ಅಂದಿನಿಂದ ಭಾನುವಾರ ಮುಗಿದು ಮನೆಗೆ ಬಂದಾಗಲೆಲ್ಲ ಅವಳು ಬಾಗಿಲಲ್ಲೇ ಫೋನ್ ತೆಗೆಯುತ್ತಿದ್ದಳು. ತಲುಪಿದಿರಾ ಅಂತ ಮೆಸೇಜ್ ಹಾಕುವಳು. ಅವನ ಉತ್ತರ ಬರುವವರೆಗೆ ಚಪ್ಪಲಿಯನ್ನೂ ಬಿಚ್ಚುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಕೊನೆಯ ಅಧ್ಯಾಯ ಮೇಲ್‌ನಲ್ಲಿ ಬಂತು. ಬ್ಯಾಂಕಿಗೆ ಹೊರಟವಳು ಬಾಗಿಲಲ್ಲೇ ನಿಂತು ಓದಿದಳು. ತಾರಿಣಿ ಮಲಗಿದ್ದಾಗ ಕ್ಯಾಪ್ಟನ್ ಅವಳನ್ನು ಪುಟ್ಟ ರಕ್ಷಣಾ ನೌಕೆಯಲ್ಲಿಟ್ಟು ಭೂಮಿಯ ಕಡೆಗೆ ಕಳಿಸಿಬಿಡುತ್ತಾನೆ. ಆಮೇಲೆ ರೇಡಿಯೋ ಆಫ್ ಮಾಡಿ, ತನ್ನ ನೌಕೆಯನ್ನು ಯಾವ ನಕ್ಷತ್ರವೂ ಇಲ್ಲದ ಕಡೆಗೆ ತಿರುಗಿಸುತ್ತಾನೆ. ಕೆಳಗೆ ಎರಡು ಸಾಲು: 'ಇದು ಮುಗೀತು. ಇದನ್ನ ತಿದ್ದೋದು ಬೇಡ.'

ಅವನ ಫೋನ್ ಸ್ವಿಚ್ ಆಫ್ ಆಗಿತ್ತು.

ಆಟೋ ಹತ್ತಿ ಅವನ ಮನೆಗೆ ಓಡಿದಳು. ಬೀಗ ಹಾಕಿತ್ತು. ಪಕ್ಕದ ಮನೆಯ ಹೈಮಾವತಿ ಬಾಗಿಲು ತೆರೆದರು. ಅವರ ವರಾಂಡದಲ್ಲಿ ಫಣಿಯ ತುಳಸಿ ಕುಂಡ, ಮೀನಿನ ತೊಟ್ಟಿ, ಎಲ್ಲ ಬಂದು ಕೂತಿದ್ದವು.

"ನಿನ್ನೆ ಬೆಳಿಗ್ಗೆ ವಿಜಯವಾಡಕ್ಕೆ ಹೋದ. ಇವತ್ತು ಅಖಿಲಾ ಹೋದ ದಿನ ಅಲ್ವಾ, ಅತ್ತೆ ಮನೆಗೆ," ಎಂದು ತೆಲುಗಿನಲ್ಲಿ ಹೇಳಿದರು ಹೈಮಾವತಿ. "ಯಾವಾಗ ಬರ್ತೀಯ ಅಂದ್ರೆ ಮೀನಿಗೆ ಊಟ ಹಾಕಿ ಅಂದ, ಅಷ್ಟೇ."

ಅವರಿಂದ ಅತ್ತೆ ಕೋಟೇಶ್ವರಮ್ಮನ ವಿಳಾಸ, ನಂಬರು ತೆಗೆದುಕೊಂಡಳು. ಫೋನ್ ಬರೀ ರಿಂಗ್ ಆಯಿತು. ದುವ್ವಾಡ ಸ್ಟೇಷನ್‌ನಲ್ಲಿ ಸಿಕ್ಕ ಮೊದಲ ರೈಲಿಗೆ ಹತ್ತಿದಳು. ಮ್ಯಾನೇಜರ್‌ಗೆ ರಜೆ ಅಂತ ಒಂದೇ ಪದ ಕಳಿಸಿದಳು.

ಅನಕಾಪಲ್ಲಿ, ತುನಿ, ಸಾಮರ್ಲಕೋಟ. ಪ್ರತಿ ಸ್ಟೇಷನ್‌ಗೂ ಒಮ್ಮೆ ಅವನಿಗೆ, ಒಮ್ಮೆ ಕೋಟೇಶ್ವರಮ್ಮನಿಗೆ ಫೋನ್ ಮಾಡಿದಳು. ಎದುರು ಸೀಟಿನ ಹೆಂಗಸು ಸೀಬೆಹಣ್ಣು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದೇ ಕೂತಳು. ರಾಜಮಂಡ್ರಿಯಲ್ಲಿ ರೈಲು ಗೋದಾವರಿ ಸೇತುವೆ ಹತ್ತಿದಾಗ ಜನ ಕಿಟಕಿಗೆ ಬಂದು ಕೈ ಮುಗಿದರು. ಅವಳು ಕಣ್ಣು ಮುಚ್ಚಿಕೊಂಡಳು. ನೀರು ನೋಡಲು ಆಗಲಿಲ್ಲ. ಅವನು ಸಿಕ್ಕರೆ ಬೈಯಬಾರದು, ಅಳಬಾರದು, ಏನೂ ಕೇಳಬಾರದು, ಸಿಕ್ಕರೆ ಸಾಕು. ಇಷ್ಟೇ ಮಾತನ್ನು ಏಲೂರಿನವರೆಗೂ ಹೇಳಿಕೊಳ್ಳುತ್ತಲೇ ಇದ್ದಳು.

ವಿಜಯವಾಡದ ಕೃಷ್ಣಲಂಕದ ಮನೆಯಲ್ಲಿ ಕೋಟೇಶ್ವರಮ್ಮ ಒಬ್ಬರೇ ಇದ್ದರು. ಕಿವಿ ಮಂದ. ಫೋನ್ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿತ್ತು.

"ಪೂಜೆ ಮುಗಿಸಿ ನದಿಯ ಘಾಟ್‌ಗೆ ಹೋದ. ಆಗಲೇ ಬರಬೇಕಿತ್ತು," ಎಂದರು. ಶ್ರೀರಕ್ಷಾಳ ಮುಖ ನೋಡಿ ಕೈಯ ಲೋಟ ಕೆಳಗಿಟ್ಟರು. "ಏನಾಯ್ತಮ್ಮ?"

ಅವಳು ಆಗಲೇ ಘಾಟ್‌ನ ಕಡೆಗೆ ಓಡುತ್ತಿದ್ದಳು.

ನಾಲ್ಕು ಗಂಟೆಯ ಬಿಸಿಲು ಕೃಷ್ಣಾ ನದಿಯ ಮೇಲೆ ಬೆಳ್ಳಗೆ ಬಿದ್ದಿತ್ತು. ಘಾಟ್‌ನಲ್ಲಿ ಜನ ಕಡಿಮೆ. ಮೊದಲು ಕಂಡದ್ದು ಅವನ ಚಪ್ಪಲಿ. ಪಕ್ಕದಲ್ಲಿ ವಾಚು, ಫೋನು, ಕನ್ನಡಕ, ಸಾಲಾಗಿ. ಶ್ರೀರಕ್ಷಾ ಅಲ್ಲೇ ನಿಂತಳು. ಕೆಳಗೆ ನೋಡಲು ಧೈರ್ಯ ಬರಲಿಲ್ಲ. ನೋಡಿದಳು.

ಫಣಿ ಕೊನೆಯ ಮೆಟ್ಟಿಲಿನಲ್ಲಿ ಕೂತಿದ್ದ. ನೀರು ಅವನ ಎದೆಯವರೆಗಿತ್ತು. ಬೆನ್ನು ಇತ್ತ ಕಡೆ.

ಕರೆದರೆ ಕೇಳದಿದ್ದರೆ ಎಂಬ ಭಯಕ್ಕೆ ಅವಳು ಕರೆಯಲಿಲ್ಲ. ಪಾಚಿಗಟ್ಟಿದ ಮೆಟ್ಟಿಲನ್ನು ಒಂದೊಂದಾಗಿ ಇಳಿದಳು. ನೀರು ಹಿಮ್ಮಡಿಗೆ ಬಂತು, ಮೊಣಕಾಲಿಗೆ ಬಂತು. ಅವನ ಪಕ್ಕದಲ್ಲೇ, ಒಂದು ಮೆಟ್ಟಿಲು ಮೇಲೆ, ಚೂಡಿದಾರ್ ಸಮೇತ ಕೂತಳು.

"ನನಗೆ ಈಜು ಬರಲ್ಲ," ಎಂದಳು.

ಅವನು ಬೆಚ್ಚಿ ತಿರುಗಿದ. "ಮತ್ತೆ ಯಾಕೆ ಇಳಿದ್ರಿ?"

"ನೀವ್ಯಾಕೆ ಇಳಿದ್ರಿ?"

ದೂರದಲ್ಲಿ ಬ್ಯಾರೇಜಿನ ಮೇಲೆ ಬಸ್ಸುಗಳು ಹೋಗುತ್ತಿದ್ದವು.

"ಬೆಳಿಗ್ಗೆ ಗೊತ್ತಿತ್ತು," ಎಂದ ಕೊನೆಗೆ. "ಇಲ್ಲಿ ಕೂತ ಮೇಲೆ ಗೊತ್ತಾಗ್ತಿಲ್ಲ. ಮೇಲೆ ಹತ್ತೋಕೂ ಆಗ್ತಿಲ್ಲ."

ಅವಳು ಅವನ ಭುಜದ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು. ಬಿಡಲಿಲ್ಲ.

"ಆ ಅಧ್ಯಾಯ ನಾಲ್ಕು ಸಲ ಬರೆದೆ, ಶ್ರೀರಕ್ಷಾ. ಪ್ರತಿ ಸಲ ತಾರಿಣಿ ಹೋಗಲ್ಲ ಅಂತಿದ್ಲು. ಅದಕ್ಕೇ ಮಲಗಿದ್ದಾಗ ಕಳಿಸಿದೆ."

"ಅದು ಮೋಸ."

"ಹೌದು."

"ಅವಳನ್ನ ಕೇಳ್ಬೇಕಿತ್ತು. ಅವಳು ಆ ನೌಕೆಗೆ ಬಂದಿದ್ದೇ ಕ್ಯಾಪ್ಟನ್‌ಗೋಸ್ಕರ ಇರಬಹುದು ಅಂತ ನಿಮಗೆ ಹೊಳೀಲೇ ಇಲ್ವಾ?" ಅಂಗಿ ಜಗ್ಗಿ ಅವನನ್ನು ತನ್ನ ಕಡೆ ತಿರುಗಿಸಿದಳು. "ಏಳು ತಿಂಗಳಿಂದ ನಾನು ಬರೀ ಕಾಗುಣಿತ ನೋಡೋಕೆ ಬರ್ತಿದ್ದೆ ಅನ್ಕೊಂಡ್ರಾ?"

ಅವನು ಅವಳನ್ನು ನೋಡಿದ. ಸಮುದ್ರದ ನೆಪ ಇರಲಿಲ್ಲ, ಹಾಳೆಯ ನೆಪವೂ ಇರಲಿಲ್ಲ.

"ಭಯ ಆಯ್ತು," ಎಂದ. "ಒಂದಿನ ಇಡೀ ಅಖಿಲಾ ನೆನಪಾಗ್ಲಿಲ್ಲ. ನಿಮ್ಮ ಜೊತೆ ನಗ್ತಾ ಇದ್ದೆ. ಮನೆಗೆ ಹೋದ್ಮೇಲೆ, ಆ ಹನ್ನೊಂದು ದಿನ ಮತ್ತೆ ಶುರುವಾಯ್ತು ಅನ್ನಿಸ್ತು. ನಾನು ನಗ್ತಾ ಇರೋವಾಗ ನಿಮಗೂ ಏನಾದ್ರೂ ಆಗಿಬಿಟ್ರೆ?"

"ನನಗೂ ಭಯ ಇದೆ. ಇವತ್ತು ಆರು ಗಂಟೆ ಹೊತ್ತು ರೈಲಲ್ಲಿ ನಾನು ಏನೇನು ನೋಡಿದೆ ಗೊತ್ತಾ ನಿಮಗೆ?" ಮುಷ್ಟಿ ಇನ್ನೂ ಬಿಗಿಯಾಯಿತು. "ಈ ಭಯ ನಾಳೆಗೆ ಹೋಗಲ್ಲ. ನೀವು ಫೋನ್ ತೆಗೀದೇ ಇದ್ದಾಗೆಲ್ಲ ಬರುತ್ತೆ. ಬರಲಿ. ದೂರ ಇದ್ದು ಹೆದರೋದಕ್ಕಿಂತ ನಿಮ್ಮ ಪಕ್ಕದಲ್ಲಿದ್ದು ಹೆದರ್ತೀನಿ. ಆದ್ರೆ ನೀವು ಡಾಕ್ಟರ್ ಹತ್ರ ಬರ್ಬೇಕು. ನಾಳೆನೇ. ಇದು ನನ್ನೊಬ್ಬಳ ಕೈಲಿ ಆಗೋದಲ್ಲ."

ಅವನು ನೀರಿನಿಂದ ಕೈ ಎತ್ತಿ ಅವಳ ಮುಷ್ಟಿಯ ಮೇಲಿಟ್ಟ. ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು.

"ಬರ್ತೀನಿ," ಎಂದ. "ಎಬ್ಬಿಸಿ. ಕಾಲು ಜೋಮು ಹಿಡಿದಿದೆ."

ಅವಳು ಎಬ್ಬಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಜಾರುವ ಮೆಟ್ಟಿಲುಗಳನ್ನು ನಿಧಾನಕ್ಕೆ ಹತ್ತಿದರು. ಅವನು ಚಪ್ಪಲಿ ಹಾಕಿಕೊಳ್ಳುವವರೆಗೂ ಅವಳು ಅಂಗಿ ಬಿಡಲಿಲ್ಲ.

ಮನೆಯ ಗೇಟಿನಲ್ಲಿ ಕೋಟೇಶ್ವರಮ್ಮ ನಿಂತಿದ್ದರು. ಇಬ್ಬರ ಬಟ್ಟೆಯಿಂದಲೂ ನೀರು ಸೋರುತ್ತಿತ್ತು. ಅವರು ಅಳಿಯನ ತಲೆಯನ್ನು ಬಗ್ಗಿಸಿ ಸೆರಗಿನಿಂದ ಒರೆಸಿದರು, ಬಹಳ ಹೊತ್ತು, ಒದ್ದೆ ಹೋದ ಮೇಲೂ.

"ಅತ್ತಯ್ಯ," ಎಂದ ಫಣಿ, ಸೆರಗಿನ ಒಳಗಿನಿಂದಲೇ. "ಇವರು ಶ್ರೀರಕ್ಷಾ."

"ಗೊತ್ತು ಬಿಡು," ಎಂದರು ಆಕೆ ತೆಲುಗಿನಲ್ಲಿ, ಒರೆಸುತ್ತಲೇ. "ನಿನ್ನೆ ನೀನು ಬಂದಾಗಿನಿಂದ ನನ್ನ ಮಂದ ಕಿವಿಗೇ ಆ ಹೆಸರು ನಾಲ್ಕು ಸಲ ಬಿದ್ದಿದೆ."