ಡಿಕ್ಕಿಯಲ್ಲಿದ್ದ ಕಂಬಳಿ ಗಂಟು

ಹಳೇ ರೆಕಾರ್ಡ್ ಮಾರುವವನನ್ನು ಪ್ರೀತಿಸಬೇಡ ಎಂದು ಅಜ್ಜಿ ನನಗೆ ಯಾವತ್ತೂ ಹೇಳಿರಲಿಲ್ಲ. ಹೇಳಬೇಕಿತ್ತು.

ಮೆಂಫಿಸ್‌ನಲ್ಲಿ ಆಮೋಸನದು ಅಂಥದೇ ಅಂಗಡಿ. ನಮ್ಮ ಮಿಸಿಸಿಪ್ಪಿ ಕಡೆ ಆ ಕಸುಬಿನವರಿಗೆ ಒಳ್ಳೆಯ ಹೆಸರಿಲ್ಲ. ಸಿಹಿ ಮಾತಾಡಿಕೊಂಡು ಮುದುಕಿಯರ ಜಗಲಿ ಹತ್ತುತ್ತಾರೆ, ಇಳಿಯುವಾಗ ಆ ಮನೆಯ ಹಾಡು ಅವರ ಕಂಕುಳಲ್ಲಿರುತ್ತದೆ. ನಮ್ಮಜ್ಜಿ ಅರ್ಜೆಲ್ಲಾಳ ಹತ್ತಿರ ಅವಳಪ್ಪ ಹಾಡಿದ ಒಂದೇ ಒಂದು ರೆಕಾರ್ಡ್ ಇದೆ. ಅವನ ದನಿ ಬೇರೆಲ್ಲೂ ಉಳಿದಿಲ್ಲ.

ಹೀಗಿರುವಾಗ, "ಬ್ಲೂಸ್ ಹಾಡಿದವರ ಊರುಗಳನ್ನೆಲ್ಲ ಕಾರಲ್ಲಿ ಸುತ್ತೋಣ, ಕೊನೆಗೆ ನಿಮ್ಮಜ್ಜಿ ಮನೆಗೆ ಹೋಗೋಣ, ವೆನೆಟಾ" ಎಂದು ಆಮೋಸ್ ಅಂದಾಗ ಖುಷಿಯ ಜೊತೆ ಒಂದು ಮುಳ್ಳೂ ನನ್ನೊಳಗೆ ನಾಟಿತು.

ಕಾರು ನನ್ನ ಗೆಳತಿ ಜೊಸೆಟ್‌ಳದು. ಅವಳ ತಮ್ಮ ರೂಫಸ್ ನನ್ನ ಪಕ್ಕ ನಿದ್ದೆಹೊಡೆಯುತ್ತಿದ್ದ. ಮುಂದೆ ಕೂತು ಕಾರು ಓಡಿಸುತ್ತಿದ್ದ ಆಮೋಸನ ಕಣ್ಣು ರಸ್ತೆಗಿಂತ ಕನ್ನಡಿಯ ಮೇಲೇ ಹೆಚ್ಚಿತ್ತು.

"ನನ್ನನ್ನೇ ನೋಡ್ತಿದೀಯ."

"ಇಲ್ಲಪ್ಪ. ಹಿಂದೆ ಲಾರಿ ಬರ್ತಿದೆ."

"ಲಾರಿಗೆ ಕಿವಿಯೋಲೆ ಇರುತ್ತಾ?"

ಅವನು ನಕ್ಕ, ಎಡಗೆನ್ನೆಯಲ್ಲಿ ಗುಳಿ ಬಿತ್ತು. ಹಾಳಾದ ಗುಳಿ. ಅದನ್ನು ನೋಡಿದರೆ ನನ್ನ ಅನುಮಾನವೆಲ್ಲ ಅರ್ಧ ಕರಗಿಹೋಗುತ್ತಿತ್ತು.

ಕ್ಲಾರ್ಕ್ಸ್‌ಡೇಲ್‌ನಲ್ಲಿ ಕಾರು ನಿಂತದ್ದೇ, "ಈಗ ಬಂದೆ" ಎಂದವನು ಕಬ್ಬಿಣದ ಸಾಮಾನಿನ ಅಂಗಡಿಗೆ ನುಗ್ಗಿದ. ಮುಂದಿನ ಊರಿನಲ್ಲೂ ಅದೇ ಕಥೆ. ಹಳೆಯ ಗಾಯಕನೊಬ್ಬನ ಗೋರಿಯ ಮೇಲೆ ನಾವು ಮೂವರೂ ಅಲ್ಲಿನ ರೂಢಿಯಂತೆ ಮೌತ್ ಆರ್ಗನ್ ಇಟ್ಟು ಕೈಮುಗಿಯುವಾಗ ಅವನು ಮರದ ಹಿಂದೆ ಫೋನಿನಲ್ಲಿದ್ದ. "ಹೂಂ ಅಜ್ಜಿ, ಇನ್ನೂ ಸಿಕ್ಕಿಲ್ಲ. ವೆನೆಟಾಗೆ ಗೊತ್ತಾಗಬಾರದು."

ನಮ್ಮಜ್ಜಿ ಇವನಿಗೆ ಯಾವಾಗ ಅಜ್ಜಿಯಾದಳು?

ಅದರ ಮುಂದಿನ ಊರಿನಲ್ಲಿ ಕಂಬಳಿ ಸುತ್ತಿದ ಉದ್ದನೆಯ ಗಂಟೊಂದನ್ನು ತಂದು ಡಿಕ್ಕಿಯಲ್ಲಿಟ್ಟ.

"ಏನದು?"

"ಸಾಮಾನು."

"ಗಿಟಾರ್ ಇರ್ಬೇಕು ಕಣೇ," ಜೊಸೆಟ್ ನನ್ನ ಕಿವಿಯಲ್ಲಿ ಅಂದಳು. "ಅಜ್ಜಿಗೆ ಅದನ್ನ ಕೊಟ್ಟು ರೆಕಾರ್ಡ್ ಈಸ್ಕೊಳ್ಳೋ ಪ್ಲಾನು."

"ಗಿಟಾರಿಗೆ ಅಷ್ಟು ಸಣ್ಣ ಹೊಟ್ಟೆ ಇರಲ್ಲಕ್ಕ," ಎಂದ ರೂಫಸ್, ಕಣ್ಣು ಬಿಡದೆ.

ಮಧ್ಯಾಹ್ನ ಮೆಕ್ಕೆಜೋಳದ ಸಿಪ್ಪೆ ಬಿಡಿಸಿ ಬಿಸಿ ತಮಾಲೆ ಕಡುಬು ತಿನ್ನುವಾಗ ನನಗೆ ತಡೆಯಲಾಗಲಿಲ್ಲ. "ಆಮೋಸ್, ನಿಂಗೆ ನಾನು ಬೇಕಾ, ರೆಕಾರ್ಡ್ ಬೇಕಾ?"

ಅವನ ಮುಖ ಸಣ್ಣಗಾಯಿತು. "ಸಾಯಂಕಾಲದವರೆಗೆ ಕಾಯ್ತೀಯಾ?"

"ಕಾಯ್ತೀನಿ. ಆದ್ರೆ ಆ ರೆಕಾರ್ಡ್ ಮುಟ್ಟಿದ್ರೆ ಬಸ್ ಹತ್ತಿ ಹೋಗ್ತಾ ಇರು. ಮತ್ತೆ ನಿನ್ನ ಮುಖ ತೋರಿಸ್ಬೇಡ."

ಅವನು ಹೂಂ ಅಂದ. ಅವನು ಮುಟ್ಟದಿರಲಿ ದೇವರೇ ಎಂದು ನಾನು ಬೇಡಿಕೊಂಡೆ.

ಅಜ್ಜಿ ಜಗಲಿಯಲ್ಲೇ ಕೂತಿದ್ದಳು. ಅವಳ ಬೆನ್ನ ಹಿಂದೆ ಗೋಡೆಗೆ ಎರಡು ಮೊಳೆ, ನಡುವೆ ಬಿಗಿದ ತುಕ್ಕು ತಂತಿ. ಮುತ್ತಜ್ಜ ಹುಡುಗಾಟದ ಕಾಲದಲ್ಲಿ ಸಂಗೀತ ಕಲಿತದ್ದು ಇಂಥ ಒಂಟಿ ತಂತಿ ನುಡಿಸಿಯೇ. ಅವಳ ತೊಡೆಯ ಮೇಲೆ ರೆಕಾರ್ಡ್ ಇತ್ತು.

"ತಗೋಪ್ಪ, ಕೈಯಲ್ಲಿ ಹಿಡಿದು ನೋಡು," ಎಂದು ಆಮೋಸನತ್ತ ಚಾಚಿದಳು.

ಆಮೋಸ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಅಜ್ಜಿ. ಮುಟ್ಟಿದ್ರೆ ಬಸ್ ಹತ್ಬೇಕಾಗತ್ತೆ. ನೀವು ಹೇಳಿದ್ದು ತಂದಿದೀನಿ, ಅದನ್ನ ನೋಡಿ."

ಡಿಕ್ಕಿಯಿಂದ ತಂದ ಗಂಟನ್ನು ಬಿಚ್ಚಿದ. ಒಳಗಿದ್ದದ್ದು ಪೊರಕೆ. ಬುಡಕ್ಕೆ ಸುತ್ತಲೂ ತಂತಿ ಬಿಗಿದ, ಹಳೇ ಕಾಲದ ಹುಲ್ಲಿನ ಪೊರಕೆ. ನಮ್ಮ ಜನರಲ್ಲಿ ಗಂಡು ಹೆಣ್ಣು ಕೈ ಹಿಡಿದು ಪೊರಕೆ ಹಾರಿದರೆ ಮದುವೆಯಾದಂತೆ.

"ನಮ್ಮಮ್ಮ ಮದುವೆ ದಿನ ಅಪ್ಪನ ಕೈ ಹಿಡ್ಕೊಂಡು ಹಾರಿದ್ದು ಇಂಥದನ್ನೇ," ಅಜ್ಜಿ ಅಂದಳು. "ಆ ಗೋಡೆ ಮೇಲಿದ್ದ ಅಪ್ಪನ ಹಳೇ ತಂತಿ ಕಿತ್ತುಹೋಯ್ತು ನೋಡು, ಆ ಪುಣ್ಯಾತ್ಮ ಮದುವೆ ಪೊರಕೆ ತಂತೀನೇ ಬಿಚ್ಚಿ ಗೋಡೆಗೆ ಹೊಡೆದ. ಪೊರಕೆ ಕಡ್ಡಿ ಕಡ್ಡಿಯಾಯ್ತು. ಅಮ್ಮ ಸಾಯೋವರೆಗೂ ಬೈದಳು. ಇವನು ಫೋನ್ ಮಾಡಿ ನಿನ್ನ ಮದುವೆಗೆ ಕೇಳಿದಾಗ ಅಂದೆ, ಮೊದಲು ತಂತಿ ಕಟ್ಟಿದ ಪೊರಕೆ ತಾ, ಆಮೇಲೆ ಮಾತು. ಈಗೆಲ್ಲಿ ಸಿಗತ್ತೆ, ಎಲ್ಲಾ ಪ್ಲಾಸ್ಟಿಕ್ಕು."

"ನನ್ನ ಕೇಳಿದ್ನಾ?"

"ನಿನ್ನನ್ನೇ ಕಣೇ. ರೆಕಾರ್ಡಿನ ಸುದ್ದಿ ಎತ್ತಲೇ ಇಲ್ಲ."

ನಾಚಿಕೆಯಿಂದ ಆಮೋಸನ ಕಡೆ ತಿರುಗಿದೆ. "ನಾನು ನಿನ್ನ ಕಳ್ಳ ಅಂದ್ಕೊಂಡಿದ್ದೆ."

"ಗೊತ್ತು. ಕನ್ನಡಿಯಲ್ಲಿ ಕಾಣ್ತಿತ್ತು."

"ಲಾರಿ ಕಾಣ್ತಿತ್ತು ಅಂದ್ಯಲ್ಲ?"

"ಸುಳ್ಳು ಹೇಳಿದೆ. ಅದೊಂದೇ ಸುಳ್ಳು."

ನಾನು ಪೊರಕೆ ಎತ್ತಿಕೊಂಡು ತಂತಿಯನ್ನು ಬೆರಳಿನಿಂದ ಮೀಟಿ ನೋಡಿದೆ. ಬಿಗಿಯಾಗಿತ್ತು. ನಮ್ಮ ವಂಶದ ಹೆಂಗಸರು ಸುಲಭಕ್ಕೆ ನಂಬುವವರಲ್ಲ. "ಹಾರ್ತೀನಿ. ಆದ್ರೆ ನಾಳೆ ಇದರ ತಂತಿ ಬಿಚ್ಚಿ ಗೋಡೆಗೆ ಹೊಡೆಯಲ್ಲ ಅಂತ ಮಾತು ಕೊಡು."

ಆಮೋಸ್ ಗೋಡೆಯ ತಂತಿ ನೋಡಿದ, ನನ್ನನ್ನು ನೋಡಿದ. ಗುಳಿ ಬಿತ್ತು.

"ಅದಕ್ಕೇ ಇನ್ನೊಂದು ಪೊರಕೆ ತಂದಿದೀನಿ. ಡಿಕ್ಕಿಯಲ್ಲಿದೆ. ಬೇಕಿದ್ರೆ ಹೋಗಿ ನೋಡು."

ನಾನು ಹೋಗಿ ನೋಡಲಿಲ್ಲ. ಅವನ ಪಕ್ಕದಲ್ಲಿ, ಜಗಲಿಯ ಮೆಟ್ಟಿಲ ಮೇಲೆ ಕೂತೆ. ಅಜ್ಜಿ ರೆಕಾರ್ಡ್ ಹಾಕಲು ಒಳಗೆ ಹೋದಳು.