ಕೆಂಪು ಗುರುತು ತೆಗೆಯುವ ಹೊತ್ತು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಕೊಕ್ಕೆ ಎಂದು. ಟೆಸ್ಟರ್ ಅಲ್ಲವೇ, ಯಾರು ಏನು ಮಾಡಿಕೊಟ್ಟರೂ ಅದಕ್ಕೊಂದು ಕೊಕ್ಕೆ ಹಾಕುವುದೇ ಅವಳ ಕೆಲಸ. ಆ ಹೆಸರಿಗೆ ಅವಳು ಎಂದೂ ಬೇಜಾರು ಮಾಡಿಕೊಂಡವಳಲ್ಲ. ಆದರೆ ಈ ಸೋಮವಾರ ತಾನು ಹಾಕಿದ ಕೊಕ್ಕೆಯ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ.

ಮಾತ್ರೆ ನುಂಗುವ ಹೊತ್ತನ್ನು ನೆನಪಿಸುವ ಆ್ಯಪ್‌ನ ಹೊಸ ವರ್ಷನ್ ಬಿಡುಗಡೆಗೆ ಸಿದ್ಧವಾಗಿತ್ತು. ಅದನ್ನು ಬರೆದವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಎಂಟು ಅವಳ ಜೊತೆಗೇ. ಬಿಡುಗಡೆಯಾದ ಮರುದಿನ ಅವನಿಗೆ ದೂರದೂರಿನ ಆಫೀಸಿಗೆ ವರ್ಗ. ಟೆಸ್ಟರ್ ಕೆಂಪು ಗುರುತು ಇಟ್ಟರೆ, ಅವಳೇ ತೆಗೆಯುವವರೆಗೂ ಬಿಡುಗಡೆ ಇಲ್ಲ ಎಂಬುದು ಅಲ್ಲಿನ ನಿಯಮ.

ಅವಳು ಇಟ್ಟಿದ್ದಳು. ಫೋನಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ, ನುಂಗಿ ಮುಗಿಸಿದ ಮಾತ್ರೆಗೇ ಇನ್ನೊಮ್ಮೆ ಗಂಟೆ ಹೊಡೆಯುತ್ತಿತ್ತು.

"ಗಡಿಯಾರ ಹಿಂದಕ್ಕೆ ಯಾರಮ್ಮ ತಿರುಗಿಸ್ತಾರೆ?" ಮ್ಯಾನೇಜರ್ ತಲೆ ಚಚ್ಚಿಕೊಂಡರು. "ಮುಂದಿನ ವರ್ಷನ್‌ನಲ್ಲಿ ಸರಿ ಮಾಡಿದ್ರಾಯ್ತು. ತೆಗೆದುಬಿಡು."

ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಇವತ್ತು ಆ ಗುರುತು ಇಟ್ಟದ್ದು ಯಾಕೆಂದು ತನ್ನನ್ನೇ ಕೇಳಿಕೊಂಡಳು. ಎರಡೆರಡು ಸಲ ಮಾತ್ರೆ ನುಂಗುವವರ ಚಿಂತೆಯೋ, ಎದುರಿಗಿದ್ದ ಮೌನಿಯ ಕುರ್ಚಿ ಖಾಲಿಯಾಗುವ ಚಿಂತೆಯೋ? ಮೆಟ್ಟಿಲ ಬಳಿ ಹೋಗಿ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಕೊಂಡಳು.

"ಅಕ್ಕಾ, ತಲೆ ಕೆಟ್ಟು ಕೆರ ಹಿಡಿದುಹೋಗಿದೆ."

"ತಲೆ ನೆಟ್ಟಗೇ ಇದೆ ಕಣೇ. ಹೋಗಿ ಅವನ ಹತ್ರಾನೇ ಕೇಳು, ನನ್ನ ಪ್ರಾಣ ತಿನ್ಬೇಡ."

ಮೌನಿ ಕಾಫಿ ಮಷೀನಿನ ಮುಂದೆ ನಿಂತಿದ್ದ. ಅವಳನ್ನು ಕಂಡದ್ದೇ ಲೋಟ ತುಂಬಿ ಚೆಲ್ಲಿತು.

"ಆ ಕೆಂಪು ಗುರುತು ನಂಬಬೇಡಿ," ಎಂದಳು. "ಬಗ್ ಇದೆ ಅಂತ ಇಟ್ಟೆನೋ, ನೀವು ಹೋಗ್ತೀರ ಅಂತ ಇಟ್ಟೆನೋ, ನನಗೇ ಗೊತ್ತಾಗ್ತಿಲ್ಲ."

ಅವನ ಕಿವಿ ಕೆಂಪಾಯಿತು. ನೆಲ ನೋಡಿದ, ಅವಳನ್ನು ನೋಡಿದ, ಮತ್ತೆ ನೆಲ ನೋಡಿದ.

"ಬಗ್ ನಿಜವಾಗ್ಲೂ ಇದೆ. ಶುಕ್ರವಾರನೇ ನನ್ನ ಕಣ್ಣಿಗೆ ಬಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೋಗೋಕೆ ಮನಸ್ಸಿಲ್ದೆ ನೆಪ ಹುಡುಕ್ತಿದೀನೇನೋ ಅಂತ ನನ್ನ ಮೇಲೇ ಅನುಮಾನ ಬಂತು."

ಅವಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಖುಷಿಯೂ ಬಂತು. "ನನ್ನ ಕಣ್ಣಿಗೂ ಬೀಳ್ದೆ, ಯಾರಾದ್ರೂ ಎರಡು ಸಲ ನುಂಗಿಬಿಟ್ಟಿದ್ರೆ?"

"ತಪ್ಪು ನಂದೇ. ಈಗ್ಲೇ ಸರಿ ಮಾಡ್ತೀನಿ."

ಮಧ್ಯಾಹ್ನದೊಳಗೆ ಸರಿ ಮಾಡಿದ. ಅವಳು ಗಡಿಯಾರವನ್ನು ಇಪ್ಪತ್ತು ಸಲ ಹಿಂದೆ ಮುಂದೆ ತಿರುಗಿಸಿದಳು. ನುಂಗಿದ ಮಾತ್ರೆಗೆ ಗಂಟೆ ಮತ್ತೆ ಒಮ್ಮೆಯೂ ಹೊಡೆಯಲಿಲ್ಲ. ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಕೆಂಪು ಗುರುತು ತೆಗೆದಳು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು.

ಅವಳು ನೇರ ಅವನ ಮೇಜಿಗೆ ಹೋದಳು. "ಕೊಕ್ಕೆ ಹಾಕೋಕೆ ಇನ್ನೇನೂ ಇಲ್ಲ. ಇದು ಬರೀ ನನ್ನ ಆಸೆ. ಹೋಗಬೇಡಿ."

ಮೌನಿ ಮೇಲಿನವರಿಗೊಂದು ಇಮೇಲ್ ಟೈಪ್ ಮಾಡಿ ಸ್ಕ್ರೀನನ್ನು ಅವಳತ್ತ ತಿರುಗಿಸಿದ. "ಕಳಿಸೋ ಮುಂಚೆ ಒಂದ್ಸಲ ನೋಡಿಬಿಡಿ."

ಇದ್ದದ್ದು ಒಂದೇ ಸಾಲು: ಇಲ್ಲಿಯೇ ಮದುವೆಯಾಗಬೇಕೆಂದಿರುವುದರಿಂದ ನನಗೆ ಈ ವರ್ಗಾವಣೆ ಬೇಡ.

ಅವಳು ಮೂರು ಸಲ ಓದಿದಳು. "ಹುಡುಗೀನ ಕೇಳಿದೀರಾ?"

"ಅದಕ್ಕೇ ನೋಡೋಕೆ ಕೊಟ್ಟಿದ್ದು."

ಅವಳು ಮೌಸ್ ಎಳೆದುಕೊಂಡು, ತಾನೇ ಕಳುಹಿಸಿದಳು.