ಎದುರಿನ ಕನ್ನಡಿ

"ಆ ಕನ್ನಡಿ ಸರಿಸಬ್ಯಾಡೋ ತಮ್ಮಾ," ಎಂದಳು ಅನ್ನಪೂರ್ಣವ್ವ. "ಅದನ್ನ ಸುಮ್ನ ಇಟ್ಟಿರಂಗಿಲ್ಲ."

ಸುನಿಲಕುಮಾರ ನಕ್ಕ. "ಅವ್ವಾ, ಇದು ಜರ್ಮನಿ. ನಿನ್ನ ದ್ಯಾಮವ್ವಗ ಇಲ್ಲಿ ವೀಸಾ ಸಿಗಂಗಿಲ್ಲ ತಗೋ."

ಅವನು ಯೇನಾ ನಗರದಲ್ಲಿ ಬೆಳಕಿನ ವಿಜ್ಞಾನಿ. ಹಳೆಯ ಅರಮನೆಯೊಂದರ ಚಿತ್ರಶಾಲೆಯವರು ಮುನ್ನೂರೈವತ್ತು ವರ್ಷದ ಬರೋಕ್ ಶೈಲಿಯ ಚಿತ್ರವೊಂದರ ಫೋಟೋ ತೆಗೆಯಲು ಅವನನ್ನು ಕರೆಸಿದ್ದರು. ಶಾಲೆಗೆ ರಜೆಯಿದ್ದ ಮಗಳು ಪವಿ, ಊರಿಂದ ಬಂದಿದ್ದ ಅವ್ವ, ಇಬ್ಬರೂ ಜೊತೆಗಿದ್ದರು. ಕೋಣೆಗೆ ಕಿಟಕಿಯಿಲ್ಲ. ಎಣ್ಣೆ, ಮೇಣ, ಮುಗ್ಗಿದ ಮರದ ವಾಸನೆ. ಗೋಡೆಯ ಮೇಲೆ ಮೆಡೂಸಾ, ತನ್ನ ಕಣ್ಣು ನೋಡಿದವರನ್ನೆಲ್ಲ ಕಲ್ಲು ಮಾಡುತ್ತಿದ್ದಳೆಂದು ಗ್ರೀಕರು ಹೇಳುವ, ಹಾವಿನ ಕೂದಲಿನ ಹೆಂಗಸು. ಚಿತ್ರಕಾರ ಅವಳ ಕೆನ್ನೆಗೆ, ಹಾವುಗಳ ಹೊಟ್ಟೆಗೆಲ್ಲ ಹೊಂಬೆಳಕು ಸುರಿದು, ಕಣ್ಣಿನ ಜಾಗಕ್ಕೆ ಮಾತ್ರ ಕಪ್ಪು ನೆರಳು ಬಳಿದಿದ್ದ. ಎದುರಿಗೆ ಆಳೆತ್ತರದ ಕನ್ನಡಿ. ಅದನ್ನು ಅಲ್ಲಾಡಿಸಬಾರದೆಂದು ಕಾವಲುಗಾರನೂ ಹೇಳಿಹೋಗಿದ್ದ.

ಅನ್ನಪೂರ್ಣವ್ವನದು ಚಿತ್ರಗಾರರ ಮನೆತನ. ದ್ಯಾಮವ್ವನ ಮೂರ್ತಿಗೆ ಬಣ್ಣ ಹಚ್ಚಿ, ಕಡೆಗೆ ಕಣ್ಣು ಬರೆಯುವಾಗ ಎದುರು ಕನ್ನಡಿ ಹಿಡಿಯುತ್ತಿದ್ದವಳು ಅವಳೇ. ದೇವಿಯ ಮೊದಲ ನೋಟ ಕನ್ನಡಿಯ ಮೇಲೇ ಬೀಳಬೇಕು, ಮನುಷ್ಯರ ಮೇಲಲ್ಲ. ಮಗನೂ ಚಿಕ್ಕಂದಿನಲ್ಲಿ ಅದನ್ನೆಲ್ಲ ಕಣ್ಣಾರೆ ಕಂಡವನೇ. ಆದರೇನು, ಓದಿದವನಲ್ಲವೇ! ಕನ್ನಡಿಯಿಂದ ಬೆಳಕು ತಿರುಗಿ ಹೊಡೆದು ಫೋಟೋ ಕೆಡುತ್ತದೆಂದು ಅದನ್ನು ದರದರ ಎಳೆದು ಮೂಲೆಗೆ ನಿಲ್ಲಿಸಿದ. ದೀಪಗಳನ್ನು ಒಂದೊಂದಾಗಿ ಹೊತ್ತಿಸಿದ.

ನೆರಳು ತೆಳುವಾಯಿತು. ಕಪ್ಪಿನ ಅಡಿಯಿಂದ ಎರಡು ಕಣ್ಣುಗುಡ್ಡೆ ಮೇಲೆದ್ದವು. ಎಲ್ಲೋ ಬುಸ್ಸೆಂದಿತು. ಹಸಿ ರಕ್ತದ ವಾಸನೆ. ಚಿತ್ರದ ಎದುರಿಗೇ ಪವಿ ನಿಂತಿದ್ದಳು.

"ಪಪ್ಪಾ, ಲುಕ್! ಹರ್ ಐಸ್!"

ರೆಪ್ಪೆ ಅಲುಗಿತು. ಅನ್ನಪೂರ್ಣವ್ವ ಓಡಿದಳು. ಮೊಮ್ಮಗಳ ಮುಖವನ್ನು ಸೆರಗಿನಿಂದ ಮುಚ್ಚಿದಳು. ತಾನು ತಲೆಯೆತ್ತಿ ನೋಡಿದಳು.

"ತಮ್ಮಾ," ಎಂದಳು ಮೆಲ್ಲಗೆ. ಅವಳ ಕಣ್ಣುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. "ನನ್ನ ಮಾರಿ ನನಗ ಕಾಣಾಕತ್ತೈತಿ. ಮ್ಯಾಲಿಂದ."

ಅವನು ಚಿತ್ರದತ್ತ ನೋಡಿದ. ಅಯ್ಯೋ, ಅವು ಅವ್ವನ ಕಣ್ಣುಗಳೇ! ನೀರು ತುಂಬಿಕೊಂಡಿದ್ದವು. ಇಬ್ಬರನ್ನೂ ಎಳೆದುಕೊಂಡು ಹೊರಗೋಡಿದ.

ಹೊರಗೆ ಜುಲೈ ತಿಂಗಳ ರಣಬಿಸಿಲು. ಆಸ್ಪತ್ರೆಗೆ ಹೋಗೋಣವೆಂದು ಕಾರಿನಲ್ಲಿ ಕೂರಿಸುವಾಗ ಅವ್ವ ಅವನ ತೋಳು ಹಿಡಿದಳು.

"ಆ ಕೋಣ್ಯಾಗ ಕಾವಲುಗಾರ ಬಂದ, ತಮ್ಮಾ. ಮೂಲ್ಯಾನ ಕನ್ನಡಿ ಎಳಕೊಂಡು ನನ್ನ ಎದುರಿಗೆ ತರಾಕತ್ತಾನ."

ಅವ್ವನ ಕಣ್ಣೆದುರು ಕನ್ನಡಿ ನಿಲ್ಲುವ ಮೊದಲೇ ತಡೆಯಬೇಕೆಂದು ಸುನಿಲಕುಮಾರ ಬಂದ ದಾರಿಯಲ್ಲೇ ಓಡಿದ. ಮೆಟ್ಟಿಲು. ಮತ್ತೆ ಮೆಟ್ಟಿಲು. ಉದ್ದನೆಯ ಕತ್ತಲ ಪಡಸಾಲೆ. ಕೋಣೆಗೆ ಆಗಲೇ ಬೀಗ ಬಿದ್ದಿತ್ತು. ಬಾಗಿಲು ಗುದ್ದಿದ, ಒದ್ದ, ಕಾವಲುಗಾರನನ್ನು ಕೂಗಿ ಕರೆದ. ಯಾರೂ ಬರಲಿಲ್ಲ.

ಕೆಳಗೆ ಅಂಗಳದಿಂದ ಅವ್ವನ ಚೀರಾಟ ಕೇಳಿತು.

"ತಗೀರೋ ಅದನ್ನ! ನನ್ನ ತಲಿ ತುಂಬ ಹಾವು ಅದಾವೋ ತಮ್ಮಾ!"